ಬೆಲೆ, ದರ, ಧಾರಣೆ, ಕಿಮ್ಮತ್ತು: ಯಾವ ಮಾತು ಎಲ್ಲಿ? ಹಂತ ಹಂತವಾಗಿ ತಿಳಿಯಿರಿ

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ, "ಧಾರಣಿ ಏನ್ ನಡದೈತ್ರಿ?" ಅಂತ ಕೇಳುತ್ತಾರೆ. ದುರ್ಗದ ಬೈಲಿನ ತರಕಾರಿ ಸಾಲಿನಲ್ಲಿ "ಹೆಂಗ್ ಕೊಟ್ರಿ?" ಅಂದರೆ ಸಾಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ "ಮಾರ್ಗಸೂಚಿ ಬೆಲೆ ಎಷ್ಟ್ ಬರತೈತಿ, ಮೊದಲ ನೋಡ್ಕೊಂಡ್ ಬರ್ರಿ" ಅನ್ನುತ್ತಾರೆ. ಮನೆಯಲ್ಲಿ ಅಜ್ಜಿ "ನನ್ನ ಮಾತಿಗೆ ಕಿಮ್ಮತ್ತ ಇಲ್ಲ" ಅಂತ ಮುನಿಸಿಕೊಳ್ಳುತ್ತಾಳೆ.

ಎಲ್ಲವೂ ಬೆಲೆಯ ಮಾತೇ. ಆದರೆ ಎಲ್ಲವೂ ಒಂದೇನಾ? ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳುತ್ತಾರೆ. ಬ್ಯಾಡಗಿಗೆ ಮೆಣಸಿನಕಾಯಿ ತರುವ ಮನೆಯ ಮಕ್ಕಳು ಪಟ್ಟಿ ಹಿಡಿದುಕೊಂಡು ಕೇಳುತ್ತಾರೆ. ಪ್ಲಾಟು ಕೊಳ್ಳಲು ಹೊರಟವರಂತೂ ಗಾಬರಿಯಲ್ಲೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಉತ್ತರ: ಒಂದೇ ಅಲ್ಲ. ನಿಘಂಟಿನಲ್ಲಿ ಇವು ಸಮಾನಾರ್ಥಕಗಳು. ಪೇಟೆಯಲ್ಲಿ, ಕಾಗದದಲ್ಲಿ ಅಲ್ಲ. ಬೆಲೆಯನ್ನು ಯಾರು ಹೇಳಿದರು, ಎಲ್ಲಿ ಹೇಳಿದರು, ಯಾವ ಅಳತೆಗೆ ಹೇಳಿದರು ಅನ್ನುವುದು ಆಯಾ ಮಾತಿನಲ್ಲೇ ಅಡಗಿದೆ. ಅದನ್ನು ಬಿಟ್ಟು ಬರೀ ಅಂಕಿ ನೋಡಿದರೆ ಕೈಯಿಂದ ರೊಕ್ಕ ಹೋಗುತ್ತದೆ.

ಮೊದಲು ಏನು ಬೇಕು?

ಒಂದು ಪೆನ್ಸಿಲ್. ಇವತ್ತಿನ ಪತ್ರಿಕೆಯ ಪೇಟೆ ಧಾರಣೆ ಅಂಕಣ, ಅಥವಾ ಮೊಬೈಲಿನಲ್ಲಿ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ' ಪುಟ. ಮನೆಯಲ್ಲಿ ಮಾಲು ಮಾರಿದ ಹಳೆಯ ಪಟ್ಟಿ ಇದ್ದರೆ ಒಂದು. ಪಟ್ಟಿ ಅಂದರೆ ದಲಾಲಿ ಅಂಗಡಿಯವರು ಮಾಲು ಮಾರಿದ ಮೇಲೆ ಬರೆದುಕೊಡುವ ಲೆಕ್ಕದ ಚೀಟಿ. ಅಡುಗೆಮನೆಯಿಂದ ಬಿಸ್ಕತ್ತಿನದೋ ಸಾಬೂನಿನದೋ ಒಂದು ಪೊಟ್ಟಣ ತಂದಿಟ್ಟುಕೊಳ್ಳಿ. ಇಷ್ಟು ಸಾಕು.

ಹಂತ 1: 'ಬೆಲೆ'ಯನ್ನೂ 'ದರ'ವನ್ನೂ ಬೇರೆ ಮಾಡಿ

ಬೆಲೆ ನಮ್ಮದೇ ಮಾತು. ತಮಿಳಿನ ವಿಲೈ, ಮಲಯಾಳದ ವಿಲ, ತೆಲುಗಿನ ವೆಲ ಇದರ ಒಡಹುಟ್ಟಿದವು. ಒಂದು ವಸ್ತುವನ್ನು ಕೊಳ್ಳಲು ಕೊಡಬೇಕಾದ ಹಣ ಅದು. "ಈ ಸೀರೆಯ ಬೆಲೆ 1,800 ರೂಪಾಯಿ" ಅಂದರೆ ಒಂದು ಸೀರೆ, ಒಂದು ಮೊತ್ತ. ಮುಗಿಯಿತು.

ದರದಲ್ಲಿ ಯಾವಾಗಲೂ ಒಂದು ಅಳತೆ ಇರುತ್ತದೆ. ಕಿಲೋಗೆ ಇಷ್ಟು, ಚದರಡಿಗೆ ಇಷ್ಟು, ನೂರಕ್ಕೆ ಇಷ್ಟು. ಅಳತೆ ಹೇಳದೆ ದರ ಹೇಳಿದರೆ ಆ ಮಾತು ಅರ್ಧ ಅಂತಲೇ ತಿಳಿಯಿರಿ. ಎಡವುವುದು ಇಲ್ಲೇ. ನಾಲ್ಕು ಕಡೆ ಎಚ್ಚರ ಬೇಕು.

ಒಂದು, ಪಾವ್ ಕಿಲೋ. ಸಂತೆಯಲ್ಲಿ "ಇಪ್ಪತ್ತಕ್ಕ ಪಾವ್" ಅಂತ ಕೂಗುತ್ತಾರೆ. ಕಿವಿಗೆ ಸೋವಿ ಅನ್ನಿಸುತ್ತದೆ. ಪಾವ್ ಅಂದರೆ ಕಾಲು ಕಿಲೋ. ಅಂದರೆ ಕಿಲೋಗೆ 80. ಪಕ್ಕದ ಬುಟ್ಟಿಯವರು "ಎಪ್ಪತ್ತಕ್ಕ ಕಿಲೋ" ಅಂದರೆ ಅವರದೇ ಕಡಿಮೆ.

ಎರಡು, ಬಡ್ಡಿ. "ನೂರಕ್ಕ ಎರಡು" ಅಂತ ಕೈಸಾಲ ಕೊಡುವವರು ಹೇಳುವುದು ತಿಂಗಳ ದರ. ವರ್ಷಕ್ಕೆ ಅದು ಶೇ. 24 ಆಯಿತು. ಬ್ಯಾಂಕಿನವರು ಶೇ. 11 ಅಂತ ಹೇಳುವುದು ವರ್ಷದ ದರ. "ಅಲ್ಲಿ ಹನ್ನೊಂದಂತೆ, ಇಲ್ಲಿ ಬರೀ ಎರಡಂತೆ" ಅಂತ ಹೋಲಿಸಬೇಡಿ. ಈ ತಪ್ಪಿಗೆ ಮನೆಗಳು ಮುಳುಗಿವೆ.

ಮೂರು, ತೊಲ. ಹಳೆಯ ಲೆಕ್ಕದಲ್ಲಿ ಒಂದು ತೊಲ ಅಂದರೆ 11.66 ಗ್ರಾಂ. ಈಗ ಬಹಳಷ್ಟು ಅಂಗಡಿಗಳಲ್ಲಿ 10 ಗ್ರಾಮಿಗೇ ತೊಲ ಅನ್ನುತ್ತಾರೆ. ಬಂಗಾರ ಕೊಳ್ಳುವಾಗಲೂ ಮಾರುವಾಗಲೂ ಗ್ರಾಮಿನಲ್ಲೇ ಕೇಳಿ.

ನಾಲ್ಕು, ಹತ್ತಿ. "ಹತ್ತಿ ಕ್ಯಾಂಡಿಗೆ ಇಷ್ಟು ಸಾವಿರ" ಅಂತ ಸುದ್ದಿ ಬರುತ್ತದೆ. ಕ್ಯಾಂಡಿ ಅಂದರೆ ಸುಮಾರು 356 ಕಿಲೋ. ಅದು ಬೀಜ ತೆಗೆದ ಅರಳೆಯ ದರ. ನಿಮ್ಮ ಹೊಲದಿಂದ ಬಂದದ್ದು ಬೀಜ ಸಮೇತ ಇರುವ ಹತ್ತಿ, ಅದರಲ್ಲಿ ಅರಳೆ ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದದ್ದು ಹತ್ತಿಕಾಳು. ಆದ್ದರಿಂದ ಕ್ಯಾಂಡಿಯ ಅಂಕಿಯನ್ನು ಸುಮ್ನೆ ಮೂರೂವರೆಯಿಂದ ಭಾಗಿಸಿ "ಕ್ವಿಂಟಲಿಗೆ ಇಷ್ಟು ಬರಬೇಕಿತ್ತು" ಅಂತ ಜಗಳಕ್ಕೆ ಹೋಗಬೇಡಿ.

ಹಂತ 2: 'ಧಾರಣೆ' ಓದುವುದನ್ನು ಕಲಿಯಿರಿ

ಬೆಲೆ ಒಬ್ಬರು ಹೇಳುವುದು, ಧಾರಣೆ ಪೇಟೆ ಹೇಳುವುದು. ಇವತ್ತು ಈ ಮಾರುಕಟ್ಟೆಗೆ ಬಂದ ಮಾಲೆಲ್ಲ ಸೇರಿ ಎಷ್ಟಕ್ಕೆ ನಡೆಯಿತು ಅನ್ನುವುದು ಧಾರಣೆ. ಅದಕ್ಕೇ ಅದಕ್ಕೆ 'ನಡೆಯುವ' ಕ್ರಿಯೆ ಸೇರುತ್ತದೆ. "ಧಾರಣಿ ಏನ್ ನಡದೈತಿ?" ಅನ್ನುತ್ತೇವೆ. "ಬೆಲೆ ನಡೆದಿದೆ" ಅನ್ನುವುದಿಲ್ಲ, ಅಲ್ವಾ?

ಪತ್ರಿಕೆಯಲ್ಲಿ ಧಾರಣೆಯ ಮುಂದೆ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಅಂಕಿ ಕ್ವಿಂಟಲಿಗೆ, ಅಂದರೆ 100 ಕಿಲೋಗೆ.

ಕನಿಷ್ಠ ಅಂದರೆ ಆ ದಿನ ಅತಿ ಕಡಿಮೆಗೆ ಹೋದ ಲಾಟಿನ ದರ. ಗರಿಷ್ಠ ಅಂದರೆ ಅತಿ ಜಾಸ್ತಿಗೆ ಹೋದ ಲಾಟಿನ ದರ. ಲಾಟು ಅಂದರೆ ಒಬ್ಬರ ಒಂದೇ ಗುಣದ ಮಾಲಿನ ಚೀಲಗಳ ಗುಂಪು. ಇನ್ನು ಮಾದರಿ. ಇದು ತೋರಿಸಲು ತೆಗೆದ ಸ್ಯಾಂಪಲ್ ಅಲ್ಲ. ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಮಾರಾಟವಾಯಿತೋ ಅದು ಮಾದರಿ ಧಾರಣೆ. ಸರಾಸರಿಯೂ ಅಲ್ಲ. ನೀವು ನೋಡಬೇಕಾದದ್ದು ಇದನ್ನೇ.

ಆದರೆ ಎಲ್ಲರ ಬಾಯಲ್ಲಿ ಓಡಾಡುವುದು ಗರಿಷ್ಠ. "ಬ್ಯಾಡಗಿಯಾಗ ಇಷ್ಟ್ ಸಾವಿರ ಹೋತಂತ" ಅಂತ ಸುದ್ದಿ ಊರು ತುಂಬ ಹರಡುತ್ತದೆ. ಹೋಗಿದ್ದು ಒಬ್ಬರ ಎರಡೋ ಮೂರೋ ಚೀಲ. ಅದನ್ನು ನಂಬಿ ಲಾರಿ ಹತ್ತಿಸಿದವರಿಗೆ ಅಲ್ಲಿ ನಿರಾಸೆ.

ಒಂದೇ ದಿನ, ಒಂದೇ ಅಂಗಳದಲ್ಲಿ ಇಷ್ಟು ಅಂತರ ಯಾಕೆ? ಬ್ಯಾಡಗಿಯಲ್ಲಿ ಚೀಲದ ಮುಂದೆ ನಿಂತು ನೋಡಿದರೆ ಗೊತ್ತಾಗುತ್ತದೆ. ಖರೀದಿಗೆ ಬಂದವರು ಚೀಲದ ಮೇಲಿನ ಕಾಯಿ ಮುಟ್ಟುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾರೆ. ಅಂಗೈಯಲ್ಲಿ ಅಲುಗಿಸಿ ಬೀಜದ ಸಪ್ಪಳ ಕೇಳುತ್ತಾರೆ. ಗಲಗಲ ಅಂದರೆ ಒಣಗಿದೆ. ಸಪ್ಪಳ ಇಲ್ಲದಿದ್ದರೆ ಒಳಗೆ ಹಸಿ ಇದೆ. ಆಮೇಲೆ ಒಂದು ಕಾಯಿ ಸೀಳಿ ಒಳಗೆ ಬೂಸ್ಟು ಹಿಡಿದಿದೆಯಾ ಅಂತ ನೋಡುತ್ತಾರೆ. ಕೊನೆಗೆ ಬಣ್ಣ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅಂದರೆ ಈ ಸೀಮೆಯದೇ ಮಾಲು ಅನ್ನುವ ಕಾನೂನಿನ ಗುರುತು, ಸಿಕ್ಕಿತು. ಅದರಿಂದ ತೆಗೆಯುವ ಕೆಂಪು ಎಣ್ಣೆಸತ್ವ ಆಹಾರಕ್ಕೂ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಬಣ್ಣ ಹೋಗಿ ಬೆಳ್ಳಗಾದ ಕಾಯಿ ನಾಲ್ಕು ಸೇರಿದರೂ ಇಡೀ ಲಾಟಿನ ದರ ಕೆಳಗೆ ಬರುತ್ತದೆ. ಮನೆಯಲ್ಲೇ ಆರಿಸಿ ಬೇರೆ ಚೀಲಕ್ಕೆ ತುಂಬಿ. ಇದಕ್ಕಿಂತ ಸುಲಭವಾಗಿ ದರ ಹೆಚ್ಚಿಸುವ ದಾರಿ ನನಗೆ ಕಂಡಿಲ್ಲ.

ಇನ್ನೊಂದು ಎಚ್ಚರ. ತಳಿ ನೋಡಿ. ಡಬ್ಬಿ, ಕಡ್ಡಿ, ಗುಂಟೂರು ಅಂತ ಬೇರೆ ಬೇರೆ ಸಾಲುಗಳಿರುತ್ತವೆ. ಡಬ್ಬಿ ದಪ್ಪ, ಗಿಡ್ಡ, ಮೈತುಂಬ ಸುಕ್ಕು. ಕಡ್ಡಿ ಉದ್ದ, ತೆಳ್ಳಗೆ. ನಿಮ್ಮದು ಕಡ್ಡಿಯಾಗಿದ್ದು ಡಬ್ಬಿಯ ಸಾಲು ಓದಿದರೆ ಆಸೆ ಹುಸಿಯಾಗುತ್ತದೆ. ಉಳ್ಳಾಗಡ್ಡಿಯಲ್ಲೂ ಹೀಗೇ: ಸ್ಥಳೀಯ, ಪುಣೆ ಅಂತ ಬೇರೆ ಸಾಲು ಇರುತ್ತವೆ.

ಧಾರಣೆ ಬರೀ ಅಂಕಿ ಅಲ್ಲ ಅನ್ನುವುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿದೆ. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಧಾರಣೆ ಒಮ್ಮೆಲೆ ಕುಸಿಯಿತು. ರೈತರು ಸಿಟ್ಟಿಗೆದ್ದರು. ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು.

ಹಂತ 3: ಲಿಲಾವು ಮತ್ತು ಟೆಂಡರ್

ಇದು ಚಿಕ್ಕ ಹಂತ. ಲಿಲಾವು ಅಂದರೆ ಎಲ್ಲರೆದುರು ಕೂಗಿ ಏರಿಸುವ ಸವಾಲು. ಟೆಂಡರ್ ಅಂದರೆ ಒಬ್ಬರಿಗೊಬ್ಬರಿಗೆ ಕಾಣದಂತೆ ಪ್ರತಿ ಖರೀದಿದಾರರೂ ಲಾಟಿಗೆ ತಮ್ಮ ದರ ಹಾಕುವುದು. ಈಗ ದೊಡ್ಡ ಮಾರುಕಟ್ಟೆಗಳಲ್ಲಿ ಇದು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಜಾಸ್ತಿ ದರ ಹಾಕಿದವರ ಹೆಸರಿಗೆ ಲಾಟು ಬೀಳುತ್ತದೆ. ಬಿದ್ದ ದರ ಒಪ್ಪಿಗೆಯಾಗದಿದ್ದರೆ ಬೇಡ ಅನ್ನುವ ಹಕ್ಕು ಮಾಲಿನ ಒಡೆಯರಿಗಿದೆ. ಬಹಳ ಮಂದಿಗೆ ಇದು ಗೊತ್ತಿಲ್ಲ. ಆ ದಿನವೇ ಹೇಳಬೇಕು, ತೂಕವಾದ ಮೇಲೆ ಹೇಳಿದರೆ ನಡೆಯುವುದಿಲ್ಲ.

ಹಂತ 4: ಪಟ್ಟಿ ಹಿಡಿದು ಲೆಕ್ಕ ಮಾಡಿ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಹಾಕಿದ್ದೇನೆ. ನಿಮ್ಮ ಪಟ್ಟಿಯ ಅಂಕಿ ಹಾಕಿ ಇದೇ ಕ್ರಮದಲ್ಲಿ ನೋಡಿ.

10 ಚೀಲ ಮೆಣಸಿನಕಾಯಿ. ಎರಡು ಲಾಟು. ಮೊದಲನೆಯದು 2 ಕ್ವಿಂಟಲ್ 50 ಕಿಲೋ, ದರ 24,000. ಮೊತ್ತ 60,000. ಎರಡನೆಯದು 1 ಕ್ವಿಂಟಲ್ 70 ಕಿಲೋ, ದರ 15,000. ಮೊತ್ತ 25,500. ಎರಡೂ ಸೇರಿ 85,500 ರೂಪಾಯಿ. ಇದು ಮಾಲಿನ ಕಿಮ್ಮತ್ತು, ಅಂದರೆ ಒಟ್ಟು ಮಾರಾಟದ ಮೊತ್ತ.

ಇದರಲ್ಲಿ ಲಾರಿ ಬಾಡಿಗೆ 1,800, ಹಮಾಲಿ 400 ಕಳೆಯಿರಿ. ಹಮಾಲಿ ಅಂದರೆ ಚೀಲ ಇಳಿಸಿದವರ ಕೂಲಿ. ಉಳಿದದ್ದು 83,300. ಒಟ್ಟು ತೂಕ 4 ಕ್ವಿಂಟಲ್ 20 ಕಿಲೋದಿಂದ ಭಾಗಿಸಿ. 19,833 ರೂಪಾಯಿ. ಕ್ವಿಂಟಲಿಗೆ ನಿಮ್ಮ ಕೈಗೆ ಬಂದದ್ದು ಇಷ್ಟು. ಊರಲ್ಲಿ "ನಮ್ಮದು 24,000ಕ್ಕ ಹೋತು" ಅಂತ ಹೇಳುತ್ತೇವೆ. ಮುಂದಿನ ವರ್ಷ ಯಾವ ಬೆಳೆ ಅಂತ ಲೆಕ್ಕ ಹಾಕುವಾಗ ಹಿಡಿಯಬೇಕಾದದ್ದು 19,833.

ಪಟ್ಟಿಯಲ್ಲಿ ಮೂರು ಜಾಗಕ್ಕೆ ಬೆರಳಿಟ್ಟು ನೋಡಿ.

ಮಾರುಕಟ್ಟೆ ಶುಲ್ಕ ಅಥವಾ ಸೆಸ್ ಅಂತ ನಿಮ್ಮ ಲೆಕ್ಕದಲ್ಲಿ ಕಳೆದಿದ್ದಾರಾ? ಅದನ್ನು ಕಟ್ಟಬೇಕಾದವರು ಖರೀದಿದಾರರು. ರೈತರಲ್ಲ.

ದಲಾಲಿ ಅಥವಾ ಅಡತ್ ಅಂತ ಹಿಡಿದಿದ್ದಾರಾ? ಇದು ಮಾಲು ಮಾರಿಸಿಕೊಟ್ಟ ಕಮಿಷನ್. ನಿಯಮದಂತೆ ಅದೂ ಖರೀದಿದಾರರ ಕಡೆಯಿಂದಲೇ ಬರಬೇಕು. ಪಟ್ಟಿಯಲ್ಲಿ ಕಂಡರೆ ಅಲ್ಲೇ ಕೇಳಿ. ಅಲ್ಲಿ ಉತ್ತರ ಸಿಗದಿದ್ದರೆ ಅದೇ ಆವರಣದಲ್ಲಿರುವ ಎಪಿಎಂಸಿ ಕಾರ್ಯದರ್ಶಿಗೆ ಪಟ್ಟಿ ಸಮೇತ ಅರ್ಜಿ ಕೊಡಿ. ಬಿಳಿ ಚೀಟಿಯ ಮೇಲೆ ಸುಮ್ನೆ ಬರೆದುಕೊಟ್ಟ ಲೆಕ್ಕ ಒಪ್ಪಿಕೊಳ್ಳಬೇಡಿ. ಅಂಗಡಿಯ ಹೆಸರು, ತಾರೀಖು, ಲಾಟ್ ನಂಬರ್ ಇರುವ ಪಟ್ಟಿಯನ್ನೇ ಕೇಳಿ.

ಮೂರನೆಯದು ಸೂಟು. ಚೀಲದ ತೂಕ, ಕಸ, ಹಸಿ ಅಂತ ಕಾರಣ ಹೇಳಿ ಕ್ವಿಂಟಲಿಗೆ ಒಂದೋ ಎರಡೋ ಕಿಲೋ ಕಳೆಯುವುದಕ್ಕೆ ಸೂಟು ಅನ್ನುತ್ತಾರೆ. ಇದು ರೂಪಾಯಿಯಲ್ಲಿ ಕಾಣುವುದೇ ಇಲ್ಲ. ತೂಕದಲ್ಲಿ ಅಡಗಿರುತ್ತದೆ. ಮನೆ ಬಿಡುವ ಮುಂಚೆ ವೇ ಬ್ರಿಜ್ಜಿನಲ್ಲಿ ತೂಕ ಮಾಡಿಸಿ ಚೀಟಿ ಇಟ್ಟುಕೊಂಡಿದ್ದರೆ ಮಾತ್ರ ಗೊತ್ತಾಗುತ್ತದೆ.

ಇನ್ನು, ಅಂಗಡಿಯಿಂದ ಮೊದಲೇ ಇಸಿದುಕೊಂಡ ರೊಕ್ಕವನ್ನು ಇದೇ ಪಟ್ಟಿಯಲ್ಲಿ ಮುರಿದುಕೊಂಡಿದ್ದರೆ, ಅದನ್ನು ಬೆಲೆಯ ಲೆಕ್ಕಕ್ಕೆ ಸೇರಿಸಬೇಡಿ. ಅದು ಸಾಲದ ಲೆಕ್ಕ.

ಹಂತ 5: 'ಬೆಂಬಲ ಬೆಲೆ' ಮತ್ತು 'ವೆಚ್ಚ'

ಪರೀಕ್ಷೆಗೆ ಓದುವವರು ಜಾಸ್ತಿ ಕೇಳುವುದು ಇಲ್ಲಿ. ನಿಧಾನವಾಗಿ ನೋಡೋಣ.

ವೆಚ್ಚ ಅಂದರೆ ಖರ್ಚು. ಬೆಳೆಯಲು ಹೋದದ್ದು ವೆಚ್ಚ, ಮಾರಿದಾಗ ಬಂದದ್ದು ಬೆಲೆ. ಎರಡರ ನಡುವಿನದು ಲಾಭ ಅಥವಾ ಲುಕ್ಸಾನು. ಪುಸ್ತಕದಲ್ಲಿ ಬೆಲೆ, ವೆಚ್ಚ ಎರಡನ್ನೂ ಅದಲು ಬದಲು ಬಳಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ಬೆಂಬಲ ಬೆಲೆ ಅಂದರೆ ಸರ್ಕಾರ ಮೊದಲೇ ಸಾರುವ ಕನಿಷ್ಠ ದರ. ಪೂರ್ತಿ ಹೆಸರು ಕನಿಷ್ಠ ಬೆಂಬಲ ಬೆಲೆ, ಸುದ್ದಿಯಲ್ಲಿ ಎಂಎಸ್‌ಪಿ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ. ಕೇಂದ್ರ ಸರ್ಕಾರ ಘೋಷಿಸುತ್ತದೆ. ಈ ಆಯೋಗ ಶುರುವಾದದ್ದು 1965ರಲ್ಲಿ. ಈಗ 22 ಬೆಳೆಗಳಿಗೆ ಬೆಂಬಲ ಬೆಲೆ ಇದೆ. 2025-26ರ ಮುಂಗಾರಿಗೆ ಹೆಸರುಕಾಳಿಗೆ ಕ್ವಿಂಟಲಿಗೆ 8,768 ರೂಪಾಯಿ, ಗೋವಿನಜೋಳಕ್ಕೆ 2,400 ರೂಪಾಯಿ ಘೋಷಣೆಯಾಯಿತು. ಕಬ್ಬು ಈ ಪಟ್ಟಿಯಲ್ಲಿಲ್ಲ. ಅದಕ್ಕೆ ಬೇರೆ ಹೆಸರು: ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ. ಅದನ್ನು ಕೊಡಬೇಕಾದವರು ಸರ್ಕಾರವಲ್ಲ, ಸಕ್ಕರೆ ಕಾರ್ಖಾನೆಯವರು.

ನಮ್ಮ ಸೀಮೆಗೆ ಬಹಳ ಮುಖ್ಯವಾದದ್ದು: ಒಣ ಮೆಣಸಿನಕಾಯಿಗೆ ಬೆಂಬಲ ಬೆಲೆ ಇಲ್ಲ. ಉಳ್ಳಾಗಡ್ಡಿಗೂ ಇಲ್ಲ. ಹಾವೇರಿಯ ಮೆಣಸಿನಕಾಯಿ, ಗದುಗಿನ ಉಳ್ಳಾಗಡ್ಡಿ ಎರಡೂ ಪೂರ್ತಿ ಪೇಟೆಯ ಧಾರಣೆಯ ಮೇಲೆಯೇ ನಿಂತಿವೆ. ಅವುಗಳ ಧಾರಣೆ ಬಿದ್ದಾಗ ತಳ ಸಿಗದಂತೆ ಬೀಳುವುದು ಇದಕ್ಕೇ.

ಇಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ. ಬೆಂಬಲ ಬೆಲೆ ಘೋಷಣೆಯಾದ ಕೂಡಲೇ ಪೇಟೆಯಲ್ಲಿ ಆ ದರ ಸಿಗುವುದಿಲ್ಲ. ಖರೀದಿ ಕೇಂದ್ರ ತೆರೆಯಬೇಕು. ಸರ್ಕಾರ ರೈತರ ವಿವರ ಇಡುವ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಹೆಸರು, ಹೊಲ, ಬೆಳೆ ಸರಿಯಾಗಿ ಸೇರಿರಬೇಕು. ಒಬ್ಬರಿಂದ ಇಷ್ಟೇ ಕ್ವಿಂಟಲ್ ಅನ್ನುವ ಮಿತಿ ಇರುತ್ತದೆ. ಮಾಲು ಎಫ್‌ಎಕ್ಯೂ ಇರಬೇಕು, ಅಂದರೆ ಒಣಗಿದ, ಸ್ವಚ್ಛವಾದ ಸಾಧಾರಣ ಒಳ್ಳೆಯ ಗುಣದ್ದು. ಕೇಂದ್ರ ತಡವಾಗಿ ತೆರೆದರೆ ಅಷ್ಟರಲ್ಲಿ ಸಣ್ಣ ರೈತರ ಕಾಳು ಪೇಟೆ ಸೇರಿರುತ್ತದೆ. ಹಾಗಾಗಿ ಕೇಂದ್ರ ತೆರೆಯಲು ಕಾಯಬೇಡಿ. ಬಿತ್ತಿದ ಮೇಲೆ ಬೆಳೆ ವಿವರ ಸರಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನೋಡಿಕೊಳ್ಳಿ.

ಇನ್ನು 'ವೆಚ್ಚದ ಒಂದೂವರೆ ಪಟ್ಟು' ಅನ್ನುವ ಮಾತು. ಯಾವ ವೆಚ್ಚ? ಜಗಳ ಇರುವುದೇ ಅಲ್ಲಿ. ಬೀಜ, ಗೊಬ್ಬರ, ಕೂಲಿ, ಡೀಸೆಲ್ ಅಂತ ಕೈಯಿಂದ ಕೊಟ್ಟದ್ದು ಎ2. ಅದಕ್ಕೆ ಮನೆಮಂದಿ ಹೊಲದಲ್ಲಿ ದುಡಿದ ಕೂಲಿ ಸೇರಿಸಿದರೆ ಎ2+ಎಫ್‌ಎಲ್. ಅದಕ್ಕೆ ಸ್ವಂತ ಹೊಲದ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಸರ್ಕಾರ ಒಂದೂವರೆ ಪಟ್ಟು ಅನ್ನುವುದು ಎ2+ಎಫ್‌ಎಲ್ ಮೇಲೆ. ರೈತ ಸಂಘಟನೆಗಳು ಕೇಳುತ್ತಿರುವುದು ಸಿ2 ಮೇಲೆ. ಮನೆಯ ಹೆಣ್ಣುಮಕ್ಕಳು ಕಳೆ ತೆಗೆದದ್ದು, ಕಾಯಿ ಬಿಡಿಸಿದ್ದು ನಮ್ಮ ಮನೆ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ. ಆಯೋಗದ ಲೆಕ್ಕದಲ್ಲಿ ಅದು ಎಫ್‌ಎಲ್ ಅಂತ ಇದೆ. ನೀವೂ ಬರೆಯಿರಿ.

ಹಂತ 6: ಅಂಗಡಿಯ ಮಾತು

ಪೊಟ್ಟಣ ಕೈಗೆ ತೆಗೆದುಕೊಳ್ಳಿ. ಎಂಆರ್‌ಪಿ ಅಂತ ಇದೆ. ಗರಿಷ್ಠ ಮಾರಾಟ ಬೆಲೆ, ಎಲ್ಲ ತೆರಿಗೆ ಸೇರಿ. 'ಗರಿಷ್ಠ' ಅನ್ನುವ ಮಾತು ಗಮನಿಸಿ. ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕಡಿಮೆಗೆ ಕೊಡಬಹುದು. ಅಂದರೆ ಅದು ಮೇಲಿನ ಗೆರೆ. ಬೆಂಬಲ ಬೆಲೆ ಕೆಳಗಿನ ಗೆರೆ. ಇವೆರಡನ್ನೂ ಜೋಡಿಯಾಗಿ ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲಿ ತಪ್ಪುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ ಅಂತ ಎಂಆರ್‌ಪಿ ಮೇಲೆ ಎರಡು ರೂಪಾಯಿ ಕೇಳಿದರೆ ಕೊಡಬೇಕಿಲ್ಲ.

ಹಳೆಯ ಅಂಗಡಿಗಳ ಫಲಕದ ಮೇಲೆ "ಠೋಕ ಮತ್ತು ಕಿರಕೋಳ ವ್ಯಾಪಾರಸ್ಥರು" ಅಂತ ಇರುತ್ತದೆ. ಠೋಕ ಅಂದರೆ ಸಗಟು. ಕಿರಕೋಳ ಅಂದರೆ ಚಿಲ್ಲರೆ. ಪಠ್ಯಪುಸ್ತಕದ 'ಸಗಟು ಬೆಲೆ' ನಮ್ಮ ಓಣಿಯ 'ಠೋಕ ರೇಟು', ಅಷ್ಟೇ.

ತುಟ್ಟಿ, ಸೋವಿ. ತುಟ್ಟಿ ಅಂದರೆ ದುಬಾರಿ. ನೌಕರರ ಪಗಾರದಲ್ಲಿ ಬರುವ 'ತುಟ್ಟಿ ಭತ್ಯೆ'ಯಲ್ಲಿ ನಮ್ಮ ಕಡೆಯ ಈ ಮಾತು ಸರ್ಕಾರಿ ಕಾಗದವನ್ನೂ ಸೇರಿದೆ. ಸೋವಿಗೆ ಪುಸ್ತಕದ ಮಾತು ಅಗ್ಗ. ಇದರ ಹಿಂದೆ ಒಂದು ಸೊಗಸು ಇದೆ. ಸಂಸ್ಕೃತದಲ್ಲಿ ಅರ್ಘ ಅಂದರೆ ಬೆಲೆ. ಅದರ ತದ್ಭವ ಅಗ್ಗ. ಬೆಲೆ ಅಂತಿದ್ದ ಮಾತು ಬರುಬರುತ್ತಾ ಕಡಿಮೆ ಬೆಲೆ ಅಂತಾಯಿತು. ಬೆಲೆ ಕಟ್ಟಲಾಗದ್ದು 'ಅನರ್ಘ್ಯ'. ಅನರ್ಘ್ಯ ರತ್ನ ಅನ್ನುತ್ತೇವಲ್ಲ, ಅದೇ.

ದುಡಿಮೆಯ ಬೆಲೆಗೆ ಕೂಲಿ, ಪಗಾರ. ಮನೆಯ ಬೆಲೆ ತಿಂಗಳಿಗೆ ಕೊಟ್ಟರೆ ಬಾಡಿಗೆ. ಹೊಲದ್ದು ಗೇಣಿ, ನಮ್ಮ ಕಡೆ ಲಾವಣಿ. ಹಣದ ಬೆಲೆ ಬಡ್ಡಿ. ಇವೂ ಬೆಲೆಯ ಬಳಗದವೇ, ಆದರೆ ಕೊಂಡದ್ದಕ್ಕಲ್ಲ, ಬಳಸಿದ್ದಕ್ಕೆ ಕೊಡುವಂಥವು.

ಹಂತ 7: ಜಾಗ ಕೊಳ್ಳುವವರಿಗೆ

ಇಲ್ಲಿ ಮಾತು ತಪ್ಪಿದರೆ ಲಕ್ಷಗಟ್ಟಲೆ ಹೋಗುತ್ತದೆ. ಮೂರು ಬೆಲೆ ಬೇರೆ ಬೇರೆ.

ಮಾರುಕಟ್ಟೆ ಬೆಲೆ ಅಂದರೆ ಆ ಓಣಿಯಲ್ಲಿ ನಿಜಕ್ಕೂ ನಡೆಯುತ್ತಿರುವುದು. ಮಾರ್ಗಸೂಚಿ ಬೆಲೆ ಅಂದರೆ ಆ ಪ್ರದೇಶಕ್ಕೆ ಸರ್ಕಾರ ಗೊತ್ತುಮಾಡಿದ್ದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಊರು, ಪ್ರದೇಶ ಆರಿಸಿ ನೋಡಬಹುದು. ಪ್ರತಿಫಲ ಅಂದರೆ ನಿಮ್ಮ ಖರೀದಿ ಪತ್ರದಲ್ಲಿ ಬರೆಯುವ, ನೀವು ಕೊಟ್ಟ ಹಣ. ಮೈಸೂರು ಕಡೆ ಈ ಪತ್ರಕ್ಕೆ ಕ್ರಯಪತ್ರ ಅನ್ನುತ್ತಾರೆ. ಕ್ರಯ ಅಂದರೆ ಕೊಳ್ಳುವುದು, ವಿಕ್ರಯ ಅಂದರೆ ಮಾರುವುದು.

ಮುದ್ರಾಂಕ ಶುಲ್ಕವನ್ನು ಮಾರ್ಗಸೂಚಿ ಬೆಲೆ, ಪ್ರತಿಫಲ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ ಹಾಕುತ್ತಾರೆ. 20 ಲಕ್ಷಕ್ಕೆ ಕೊಂಡ ಜಾಗಕ್ಕೆ ಮಾರ್ಗಸೂಚಿ 24 ಲಕ್ಷ ಬಂದರೆ ಶುಲ್ಕ 24ರ ಮೇಲೆ. ಅದಕ್ಕೇ ಮಾತು ಮುಗಿಸುವ ಮುಂಚೆ ನೋಡಿಕೊಳ್ಳಿ. ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ದಾರಿ ಹಿಡಿಯಬೇಡಿ. ನಾಳೆ ತಕರಾರು ಬಂದರೆ ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಇರುವುದಿಲ್ಲ. ಬ್ಯಾಂಕ್ ಸಾಲಕ್ಕೂ ಪತ್ರದ ಅಂಕಿಯೇ ಆಧಾರ.

ಇನ್ನೊಂದು ಮಾತು: ಸಂಚಕಾರ. ಪತ್ರಿಕೆಯಲ್ಲಿ "ಜೀವಕ್ಕೆ ಸಂಚಕಾರ" ಅಂತ ಓದಿ ಅದು ಆಪತ್ತು ಅಂತಲೇ ತಿಳಿದವರು, ಜಾಗದ ಕಾಗದದಲ್ಲಿ "ಸಂಚಕಾರ ಪತ್ರ" ಕಂಡು ಹೆದರುತ್ತಾರೆ. ಹೆದರಬೇಡಿ. ವ್ಯವಹಾರ ಪಕ್ಕಾ ಆಯಿತು ಅಂತ ಕೊಡುವ ಮುಂಗಡವೇ ಸಂಚಕಾರ. ಆದರೆ ಆ ಪತ್ರದಲ್ಲಿ ಒಟ್ಟು ಬೆಲೆ, ಕೊಟ್ಟದ್ದು, ಉಳಿದದ್ದು, ಕೊನೆಯ ತಾರೀಖು ನಾಲ್ಕೂ ಅಕ್ಷರದಲ್ಲೂ ಅಂಕಿಯಲ್ಲೂ ಇರಬೇಕು.

ಹಂತ 8: ಕಿಮ್ಮತ್ತು ಮತ್ತು ಮೌಲ್ಯ

ಕಿಮ್ಮತ್ತು ಪಾರಸಿ-ಅರಬ್ಬಿ ಕಡೆಯಿಂದ ಬಂದು ನಮ್ಮದೇ ಆದ ಮಾತು. ಇದಕ್ಕೆ ಎರಡು ಮುಖ. ಮಾಲಿನ ಕಿಮ್ಮತ್ತು ಅಂದರೆ ಬೆಲೆ. ಮನುಷ್ಯರ ಕಿಮ್ಮತ್ತು ಅಂದರೆ ಮರ್ಯಾದೆ. ಅಜ್ಜಿ ಕೇಳಿದ್ದು ಎರಡನೆಯದು.

ಮೌಲ್ಯ ಅಂದರೆ ವಸ್ತುವಿನ ಯೋಗ್ಯತೆ. ಬೆಲೆ ಅಂದರೆ ಅದಕ್ಕೆ ಇವತ್ತು ಸಿಕ್ಕ ಹಣ. ಹುಬ್ಬಳ್ಳಿಯಲ್ಲಿ ನಳ ಬರುವ ದಿನ ಕಾಯ್ದು, ಕೊಡ, ಬಕೆಟ್, ಪಾತ್ರೆ ಎಲ್ಲ ತುಂಬಿಸಿಟ್ಟ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಬಿಲ್ಲು ಒಂದು ಅಂಕಿ, ನೀರಿನ ಮೌಲ್ಯ ಇನ್ನೊಂದು. ಮೆಣಸಿನಕಾಯಿಯನ್ನು ಪುಡಿ ಮಾಡಿ ಪ್ಯಾಕೆಟ್ ಕಟ್ಟಿದರೆ ಮೌಲ್ಯವರ್ಧನೆ. ಅದನ್ನು 'ಬೆಲೆ ಏರಿಕೆ' ಅಂತ ಬರೆದರೆ ಅಂಕ ಹೋಗುತ್ತದೆ. ಮುಖಬೆಲೆ ಅಂದರೆ ನೋಟು, ಷೇರಿನ ಮೇಲೆ ಅಚ್ಚಾದ ಅಂಕಿ. 10 ರೂಪಾಯಿ ಮುಖಬೆಲೆಯ ಷೇರು ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿಗೆ ಮಾರಬಹುದು, ಕಡಿಮೆಗೂ ಮಾರಬಹುದು.

ಹಂತ 9: ಬೆಲೆ ಏರಿಕೆಯೂ ಹಣದುಬ್ಬರವೂ

"ಹಣದುಬ್ಬರ ಇಳಿದಿದೆ ಅಂತ ಟಿವಿಯಲ್ಲಿ ಹೇಳುತ್ತಾರೆ, ಸಂತೆಯಲ್ಲಿ ಯಾಕೆ ಇಳಿದಿಲ್ಲ?" ಇದು ಎಲ್ಲರ ಪ್ರಶ್ನೆ.

ಒಂದು ವಸ್ತು ತುಟ್ಟಿಯಾದರೆ ಬೆಲೆ ಏರಿಕೆ. ಒಟ್ಟಾರೆ ಬೆಲೆಗಳು ಏರುತ್ತಾ ಹೋಗುವ ವೇಗ ಹಣದುಬ್ಬರ. 100 ರೂಪಾಯಿಯ ಸಂತೆ ಮುಂದಿನ ವರ್ಷ 106 ಆಯಿತು. ಹಣದುಬ್ಬರ ಶೇ. 6. ಅದರ ಮುಂದಿನ ವರ್ಷ 109 ಆಯಿತು. ಹಣದುಬ್ಬರ ಸುಮಾರು ಶೇ. 2.8. ಸುದ್ದಿಯಲ್ಲಿ "ಇಳಿಯಿತು" ಅನ್ನುವುದು 6ರಿಂದ 2.8ಕ್ಕೆ ಬಂದದ್ದನ್ನು. ನಿಮ್ಮ ಚೀಲಕ್ಕೆ ಮಾತ್ರ 106ರಿಂದ 109 ಆಗಿದೆ. ವೇಗ ಕಡಿಮೆಯಾಗಿದೆ, ಬಂಡಿ ಹಿಂದೆ ಬಂದಿಲ್ಲ.

ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಎರಡು ಮೇಲೆ ಕೆಳಗೆ ಆಗಬಹುದು. ಅದು ನೋಡುವುದು ಗ್ರಾಹಕ ಬೆಲೆ ಸೂಚ್ಯಂಕವನ್ನು, ಅಂದರೆ ಕಿರಕೋಳ ಬೆಲೆಗಳ ಲೆಕ್ಕವನ್ನು. ಸಗಟು ಬೆಲೆ ಸೂಚ್ಯಂಕ ಬೇರೆ, ಅದು ಠೋಕ ಲೆಕ್ಕ. ಸುದ್ದಿ ಓದುವಾಗ ಯಾವುದು ಅಂತ ಮೊದಲು ನೋಡಿ.

ಬರೆಯುವಾಗ, ಹುಡುಕುವಾಗ

ಮೊಬೈಲಿನಲ್ಲಿ ಬೆಲೆ ಅಂತ ಬರೆಯಲು ಹೋಗಿ ಬೆಳೆ ಆಗುತ್ತದೆ. "ಬೆಂಬಲ ಬೆಳೆ" ಅಂತ ಹುಡುಕಿದರೆ ಬೇಕಾದದ್ದು ಸಿಗುವುದಿಲ್ಲ. 'ದಾರಣೆ' ಅಲ್ಲ, ಧಾರಣೆ. 'ಧರ' ಅಲ್ಲ, ದರ. "ಪ್ಯಾಟಿ ಮಂದಿ ಐತಿ" ಅಂದರೆ ಪೇಟೆಯ ಜನ ಅಲ್ಲ, ಧಾರಣೆ ಬಿದ್ದಿದೆ ಅಂತ. ಏರಿದ್ದರೆ ತೇಜಿ. ಹುಡುಕುವಾಗ ಮಾರುಕಟ್ಟೆಯ ಹೆಸರು, ಮಾಲು, ತಳಿ, ತಾರೀಖು ನಾಲ್ಕನ್ನೂ ಸೇರಿಸಿ. ವಾಟ್ಸಾಪಿನಲ್ಲಿ ಬಂದ ಧಾರಣೆ ಚಿತ್ರದಲ್ಲಿ ತಾರೀಖು ಇಲ್ಲದಿದ್ದರೆ ಅದನ್ನು ನಂಬಿ ಮಾಲು ಹೊರಡಿಸಬೇಡಿ. ಹಿಂದಿನ ದಿನ ಅಂಗಡಿಗೆ ಫೋನ್ ಮಾಡಿ "ಮಾದರಿ ಧಾರಣಿ ಎಷ್ಟೈತ್ರಿ, ಆವಕ ಎಷ್ಟ್ ಬಂದೈತ್ರಿ?" ಅಂತ ಕೇಳಿ. ಆವಕ ಅಂದರೆ ಆ ದಿನ ಮಾರುಕಟ್ಟೆಗೆ ಬಂದ ಚೀಲಗಳ ಲೆಕ್ಕ. ಅದು ಒಮ್ಮೆಲೆ ಏರಿದ್ದರೆ, ಒಣಗಿಸಿ ಇಡಲು ಜಾಗ ಇರುವವರು ಒಂದು ವಾರ ತಡೆದು ಮತ್ತೆ ಕೇಳುವುದು ಒಳ್ಳೆಯದು.